ಮರ ಎಣಿಸುವವರ ಎಚ್-ಇಂಡೆಕ್ಸ್

ಪರಿಸರ ವಿಜ್ಞಾನದ ಹುದ್ದೆಗೆ ಅರ್ಜಿ ಹಾಕಿದವರನ್ನು ಆಯ್ಕೆ ಸಮಿತಿ ಈಗ ಮೊದಲು ಕೇಳುವುದು ‘ಎಚ್-ಇಂಡೆಕ್ಸ್ ಎಷ್ಟು?’ ಅಂತ (ಪ್ರಬಂಧಗಳನ್ನೂ ಅವುಗಳಿಗೆ ಬಿದ್ದ ಉಲ್ಲೇಖಗಳನ್ನೂ ಎಣಿಸಿ ಕೊಡುವ ಅಂಕ ಅದು). ಆಮೇಲೆ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್, ಅದಾದ ಮೇಲೆ ಗೂಗಲ್ ಸ್ಕಾಲರ್‌ನ ಸೈಟೇಶನ್, ಅಂದರೆ ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ. ಪ್ರಯೋಗಾಲಯದಲ್ಲಿ ಕೂತು ಕೆಲಸ ಮಾಡುವವರಿಗೆ ಈ ಲೆಕ್ಕ ಎಷ್ಟು ಹೊಂದುತ್ತದೆ ಎನ್ನುವುದು ಬೇರೆ ಜಗಳ, ಅದನ್ನು ಇಲ್ಲಿ ಎತ್ತುವುದಿಲ್ಲ. ಕಾಡಿನ ಇಕಾಲಜಿ ಮಾಡುವವರಿಗೆ ಮಾತ್ರ ಇದು ಹೊಂದುವುದೇ ಇಲ್ಲ. ಸುಮ್ಮನೆ ತಕರಾರು ತೆಗೆದರೆ ಯಾರೂ ಒಪ್ಪುವುದಿಲ್ಲ, ಹಾಗಾಗಿ ಒಬ್ಬರ ಪ್ರಕಟಣೆಗಳ ಪಟ್ಟಿಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರದು.

ಸುಕುಮಾರ್ ಅಂದರೆ ಎಲ್ಲರಿಗೂ ಆನೆ. ತಪ್ಪೇನಿಲ್ಲ. 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ, ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಮೇಲೆ ಕೆಲಸ ಮಾಡಿ, ಮಾಧವ ಗಾಡ್ಗೀಳರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದವರು. 1989ರಲ್ಲಿ ಕೇಂಬ್ರಿಡ್ಜ್‌ನಿಂದ, 2003ರಲ್ಲಿ ಆಕ್ಸ್‌ಫರ್ಡ್‌ನಿಂದ ಆನೆಯ ಮೇಲೆ ಪುಸ್ತಕ ತಂದವರು. 2006ರಲ್ಲಿ ಜಪಾನಿನ ಕಾಸ್ಮೋಸ್ ಪ್ರಶಸ್ತಿ ಬಂದಾಗ ಪತ್ರಿಕೆಗಳಿಗೂ ಆನೆಯೇ ತಲೆಬರಹ. ಆದರೆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದದೆ, ಇಸವಿಯ ಪ್ರಕಾರ ಕೆಳಗಿನಿಂದ ಮೇಲಕ್ಕೆ ಓದಿ ನೋಡಿ. ಆನೆಯ ದಾರಿ ಹಿಡಿದು ಹೋದವರು ಕಾಡಿನೊಳಗೇ ಹೊಕ್ಕಿದ್ದು ಕಾಣುತ್ತದೆ.

1987ರಲ್ಲಿ ನಮ್ಮ ದೇಶದ್ದೇ ಜರ್ನಲ್ ‘ಕರೆಂಟ್ ಸೈನ್ಸ್’ನಲ್ಲಿ ನಾಲ್ಕು ಪುಟದ ಒಂದು ಪ್ರಬಂಧವಿದೆ. ವಿಷಯ, ಕಾರ್ಬನ್ ಐಸೊಟೋಪ್ (ತೂಕದಲ್ಲಿ ಬೇರೆಯಾದ ಕಾರ್ಬನ್ ಪರಮಾಣು) ನೋಡಿ ಆನೆ ತಿಂದಿದ್ದೇನು ಅಂತ ಹೇಳುವುದು. ಮರ, ಪೊದೆಗಳ ಸೊಪ್ಪಿನಲ್ಲಿ ಕಾರ್ಬನ್-13ರ ಅಳತೆ ಸುಮಾರು ಮೈನಸ್ 27ರ ಆಸುಪಾಸು ಬರುತ್ತದೆ (ಒಂದು ಮಾನದಂಡಕ್ಕೆ ಹೋಲಿಸಿ ಸಾವಿರಕ್ಕೆ ಇಷ್ಟು ಕಡಿಮೆ ಎಂಬ ಲೆಕ್ಕದಲ್ಲಿ). ಬಯಲುಸೀಮೆಯ ಹುಲ್ಲಿನ ಜಾತಿಗಳಲ್ಲಿ ಮೈನಸ್ 12ರ ಆಸುಪಾಸು. ನಡುವೆ ಅಷ್ಟು ದೊಡ್ಡ ಅಂತರ ಇರುವುದರಿಂದ ಸತ್ತ ಆನೆಯ ಮೂಳೆಯ ಕೊಲ್ಯಾಜನ್ ಎಂಬ ಪ್ರೋಟೀನ್ ತೆಗೆದು ಅಳೆದರೆ ಅದರ ಮೈಗೆ ಹತ್ತಿದ್ದು ಸೊಪ್ಪೋ ಹುಲ್ಲೋ ಗೊತ್ತಾಗುತ್ತದೆ. ದುರ್ಬೀನು ಹಿಡಿದು ನೋಡಿದಾಗ ಆನೆ ಎಷ್ಟೋ ಹೊತ್ತು ಹುಲ್ಲು ಮೇಯುತ್ತಿರುತ್ತದೆ. ಮೂಳೆ ಹೇಳುವ ಲೆಕ್ಕದಲ್ಲಿ ಸೊಪ್ಪು-ತೊಗಟೆಯ ಪಾಲೇ ಜಾಸ್ತಿ. ಇದರ ಮುಂದುವರಿಕೆ 1992ರಲ್ಲಿ ‘ಇಕಲೋಜಿಯಾ’ದಲ್ಲಿ ಬಂತು. ಮರುವರ್ಷ ಅದೇ ಐಸೊಟೋಪ್ ಉಪಾಯವನ್ನು ನೀಲಗಿರಿಯ ಜೌಗಿನ ಪೀಟ್ ಮಣ್ಣಿಗೆ (ಪೂರ್ತಿ ಕೊಳೆಯದ ಸಸ್ಯಗಳು ಪದರಪದರವಾಗಿ ಕೂತ ಮಣ್ಣು) ಹಚ್ಚಿ, ಸುಮಾರು 20 ಸಾವಿರ ವರ್ಷಗಳಲ್ಲಿ ಅಲ್ಲಿ ಹುಲ್ಲು ಯಾವಾಗ ಹೆಚ್ಚಿತ್ತು, ತೇವ ಯಾವಾಗ ಹೆಚ್ಚಿತ್ತು ಎಂದು ತೋರಿಸಿದ ಪ್ರಬಂಧ ‘ನೇಚರ್’ನಲ್ಲಿ ಬಂತು.

ಬಯೋಡೇಟಾದಲ್ಲಿ ‘ನೇಚರ್ 1993’ ಎಂಬ ಎರಡು ಪದ ಕಂಡ ಕೂಡಲೇ ಸಮಿತಿಯವರ ಹುಬ್ಬು ಮೇಲೇರುತ್ತದೆ. ಅದರ ಬೇರು ನಾಲ್ಕು ಪುಟದ ‘ಕರೆಂಟ್ ಸೈನ್ಸ್’ ಪ್ರಬಂಧದಲ್ಲಿದೆ ಎನ್ನುವುದು ಯಾವ ಸೈಟೇಶನ್ ಲೆಕ್ಕದಲ್ಲೂ ಕಾಣುವುದಿಲ್ಲ. ಪೀಟ್ ಮಣ್ಣಿನ ಈ ಕೆಲಸಕ್ಕೆ ಇನ್ನೊಂದು ತೂಕವೂ ಇದೆ. ನೀಲಗಿರಿಯ ಹುಲ್ಲುಗಾವಲು ಮನುಷ್ಯ ಕಾಡು ಕಡಿದದ್ದರಿಂದ ಹುಟ್ಟಿದ್ದು, ಅಲ್ಲಿ ಮರ ನೆಟ್ಟರೆ ಒಳ್ಳೆಯದೇ ಎಂಬ ವಾದ ಬಹಳ ಕಾಲ ಚಾಲ್ತಿಯಲ್ಲಿತ್ತು; ವಾಟಲ್, ಯೂಕಲಿಪ್ಟಸ್ ನೆಡುತೋಪುಗಳು ಬಂದಿದ್ದೂ ಹುಲ್ಲುಗಾವಲನ್ನು ಖಾಲಿ ಜಾಗ ಎಂದುಕೊಂಡಿದ್ದರಿಂದಲೇ. ಸಾವಿರಾರು ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲಿತ್ತು ಎನ್ನುವುದಕ್ಕೆ ಮಣ್ಣೇ ಸಾಕ್ಷಿ ಹೇಳಿದ ಮೇಲೆ ಆ ವಾದಕ್ಕೆ ನೆಲ ಉಳಿಯಲಿಲ್ಲ.

ಈಗ ಅಸಲು ವಿಷಯ, ಮುದುಮಲೈ ಪ್ಲಾಟ್.

ಬಂಡೀಪುರ ದಾಟಿ ತಮಿಳುನಾಡಿನ ಗಡಿ ಹೊಕ್ಕರೆ ಸಿಗುವ ಮುದುಮಲೈನ ಎಲೆಯುದುರುವ ಕಾಡಿನಲ್ಲಿ 1988ರಲ್ಲಿ ಸುಕುಮಾರ್ ತಂಡ 50 ಹೆಕ್ಟೇರಿನ ಒಂದು ಆಯತ ಗುರುತು ಮಾಡಿತು. ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲ. ಅದನ್ನು 20 ಮೀಟರ್ ಚೌಕಗಳಾಗಿ ಒಡೆದರೆ 1,250 ಚೌಕ. ಎದೆಮಟ್ಟದಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪ ಇರುವ ಪ್ರತಿ ಗಿಡಕ್ಕೂ ನಂಬರು, ಜಾತಿ, ನಕ್ಷೆಯಲ್ಲಿ ಜಾಗ, ದಪ್ಪ. ಮೊದಲ ಗಣತಿಗೆ ಸಿಕ್ಕಿದ್ದು ಸುಮಾರು 26 ಸಾವಿರ ಕಾಂಡ, 70ರ ಆಚೀಚೆ ಜಾತಿ. ಈ ಪದ್ಧತಿ ಶುರುವಾಗಿದ್ದು ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ, 1980ರ ಹೊತ್ತಿಗೆ. ಅಲ್ಲಿ ಅಷ್ಟೇ 50 ಹೆಕ್ಟೇರಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾಂಡ, ಸುಮಾರು 300 ಜಾತಿ. ಮುದುಮಲೈ ಬಡಪಾಯಿ ಎನಿಸಬಹುದು. ಆದರೆ ಜಗತ್ತಿನ ದೊಡ್ಡ ಪ್ಲಾಟುಗಳಲ್ಲಿ ಬಹುಪಾಲು ಮಳೆಕಾಡಿನವು; ಬೆಂಕಿ ಬೀಳುವ, ಆನೆ ಓಡಾಡುವ ಒಣಕಾಡಿನಲ್ಲಿ ಇಷ್ಟು ದೊಡ್ಡ ಪ್ಲಾಟ್ ಆಗ ಬೇರೆ ಇರಲಿಲ್ಲ ಅಂದರೂ ನಡೆಯುತ್ತದೆ. ಸತ್ತವು, ಹೊಸದಾಗಿ ಸೇರಿದವುಗಳ ಲೆಕ್ಕ ಪ್ರತಿ ವರ್ಷ. ದಪ್ಪದ ಮರುಅಳತೆ ನಾಲ್ಕು ವರ್ಷಕ್ಕೊಮ್ಮೆ. ಮತ್ತಿ, ದಿಂಡಿಗ, ನಂದಿ, ತೇಗ ಅಲ್ಲಿನ ದೊಡ್ಡ ಮರಗಳು.

ನೂರು ಮರ ಅಳೆದು ನೋಡದವರಿಗೆ ‘ಮರ ಅಳೆಯುವುದು’ ಸುಲಭದ ಮಾತು. ಒಂದು ಮರದ ಹತ್ತಿರ ನಿಂತು ನೋಡಿ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಎದೆಮಟ್ಟ ಅಂದರೆ 1.3 ಮೀಟರ್. ನಮ್ಮ ಅರಣ್ಯ ಇಲಾಖೆಯ ಹಳೆಯ ಲೆಕ್ಕದಲ್ಲಿ ನಾಲ್ಕೂವರೆ ಅಡಿ, ಅಂದರೆ 1.37 ಮೀಟರ್. ಇಳಿಜಾರಿನಲ್ಲಿ ಮರದ ಮೇಲ್ಬದಿಯಿಂದ ಎತ್ತರ ಅಳೆಯಬೇಕು, ಕೆಳಬದಿಯಿಂದ ಅಳೆದರೆ ಅಳತೆಪಟ್ಟಿ (ಟೇಪು) ಬೇರೆ ಕಡೆ ಕೂರುತ್ತದೆ. ಬಳ್ಳಿ ಸುತ್ತಿದ್ದರೆ ಪಟ್ಟಿಯನ್ನು ಬಳ್ಳಿಯ ಅಡಿಯಲ್ಲಿ ತೂರಿಸಬೇಕು. ಬುಡದಲ್ಲಿ ರೆಕ್ಕೆಬೇರು ಇದ್ದರೆ ಅದು ಮುಗಿಯುವ ಜಾಗಕ್ಕಿಂತ ಅರ್ಧ ಮೀಟರ್ ಮೇಲೆ ಅಳೆದು, ಆ ಎತ್ತರವನ್ನೂ ಬರೆದಿಡಬೇಕು. ಅಳೆದ ಗೆರೆಗೆ ಬಣ್ಣ ಬಳಿಯಬೇಕು. ನಂಬರಿನ ತಗಡಿಗೆ ಹೊಡೆಯುವ ಮೊಳೆ ಆ ಗೆರೆಯಿಂದ ದೂರ ಇರಬೇಕು, ಯಾಕೆಂದರೆ ಮೊಳೆಯ ಸುತ್ತ ತೊಗಟೆ ಊದುತ್ತದೆ. ಊದಿದ ಜಾಗದಲ್ಲೇ ಮುಂದಿನ ಸಲ ಪಟ್ಟಿ ಕೂತರೆ ಬೆಳೆಯದ ಮರವೂ ಬೆಳೆದಂತೆ ಲೆಕ್ಕಕ್ಕೆ ಬರುತ್ತದೆ. ಒಣಕಾಡಿನ ಇನ್ನೊಂದು ಕಾಟ ಋತು. ಬೇಸಿಗೆಯಲ್ಲಿ ತೊಗಟೆ ಒಣಗಿ ಕಾಂಡ ಕುಗ್ಗುತ್ತದೆ, ಮಳೆ ಬಿದ್ದ ಮೇಲೆ ಹಿಗ್ಗುತ್ತದೆ. ಒಂದು ಗಣತಿ ಮಳೆಗಾಲದಲ್ಲಿ, ಇನ್ನೊಂದು ಮಾರ್ಚ್‌ನಲ್ಲಿ ಮಾಡಿದರೆ ಬದುಕಿರುವ ಮರ ‘ಸಣ್ಣದಾಗಿದೆ’. ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆಯುವ ಮರದಲ್ಲಿ ಈ ಏರಿಳಿತವೇ ಬೆಳವಣಿಗೆಯನ್ನು ನುಂಗಿಬಿಡಬಲ್ಲದು. ಇನ್ನು ಬೆಂಕಿ. ಕಾಂಡ ಸುಟ್ಟು ಹೋಗುತ್ತದೆ, ಬುಡದಿಂದ ಮೂರು ಚಿಗುರು ಏಳುತ್ತವೆ. ಇದು ಹಳೆಯ ಮರವೋ, ಮೂರು ಹೊಸ ಗಿಡವೋ? ಇದಕ್ಕೆ ಮೊದಲೇ ನಿಯಮ ಮಾಡಿಕೊಂಡು 30 ವರ್ಷ ಅದನ್ನೇ ಪಾಲಿಸದಿದ್ದರೆ ಸಾವು-ಹುಟ್ಟಿನ ಲೆಕ್ಕ ಪೂರ್ತಿ ಎಕ್ಕುಟ್ಟಿಹೋಗುತ್ತದೆ.

ಇಷ್ಟೊಂದು ಕೂದಲು ಸೀಳುವುದು ಯಾಕೆ? ಮರದ ಜೀವರಾಶಿ (ಬಯೋಮಾಸ್, ಅಂದರೆ ಮರದ ಒಣತೂಕ) ಲೆಕ್ಕ ಹಾಕುವಾಗ ಈಗ ಹೆಚ್ಚಾಗಿ ಬಳಸುವ, 2014ರಲ್ಲಿ ಶಾವ್ ಮತ್ತು ಸಂಗಡಿಗರು ಕೊಟ್ಟ ಸೂತ್ರದಲ್ಲಿ ವ್ಯಾಸದ ವರ್ಗ, ಎತ್ತರ, ಕಟ್ಟಿಗೆಯ ಸಾಂದ್ರತೆ ಮೂರನ್ನೂ ಗುಣಿಸಿ, ಬಂದಿದ್ದನ್ನು 0.976ರ ಘಾತಕ್ಕೆ ಏರಿಸುತ್ತಾರೆ. ಅಂದರೆ ವ್ಯಾಸದಲ್ಲಿ ನೂರಕ್ಕೆ 5 ತಪ್ಪಿದರೆ ಜೀವರಾಶಿಯಲ್ಲಿ ಸುಮಾರು 10 ತಪ್ಪುತ್ತದೆ. ಅದರ ಮೇಲೆ ಇಂಗಾಲದ ಲೆಕ್ಕ, ಅದರ ಮೇಲೆ ಹವಾಮಾನದ ಮಾದರಿ, ಅದರ ಮೇಲೆ ಸರ್ಕಾರದ ವರದಿ. ಎಲ್ಲದರ ತಳದಲ್ಲಿ ಒಬ್ಬ ಮನುಷ್ಯ ಪಟ್ಟಿ ಹಿಡಿದು ನಿಂತಿದ್ದಾನೆ.

ಬೇರೆ ಬೇರೆ ಪ್ಲಾಟುಗಳ ಅಂಕಿ ಬೆರೆಸುವವರಿಗೆ ಒಂದು ಎಚ್ಚರಿಕೆ. ಕೊಡಗಿನ ಕಡಮಕಲ್ ಮೀಸಲು ಅರಣ್ಯದಲ್ಲಿ ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರ ಉಪ್ಪಂಗಳ ಪ್ಲಾಟ್ ಇದೆ. ಅಲ್ಲಿ ಕನಿಷ್ಠ ಮಿತಿ ಇರುವುದು ಸುತ್ತಳತೆಯಲ್ಲಿ, 30 ಸೆಂಟಿಮೀಟರ್. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ 9.5 ಸೆಂಟಿಮೀಟರ್ ಚಿಲ್ಲರೆ. ‘10 ಸೆಂಟಿಮೀಟರಿಗಿಂತ ದಪ್ಪ’ ಎಂಬ ಬೇರೆ ಪ್ಲಾಟಿನ ಅಂಕಿಯ ಜೊತೆ ಹಾಗೆಯೇ ಹೋಲಿಸಿದರೆ 9.5ರಿಂದ 10ರ ನಡುವಿನ ಮರಗಳೆಲ್ಲ ಒಂದು ಕಡೆ ಲೆಕ್ಕಕ್ಕೆ ಬಂದು ಇನ್ನೊಂದು ಕಡೆ ಬಿಟ್ಟುಹೋಗುತ್ತವೆ. ಸಣ್ಣ ಮರಗಳೇ ಸಂಖ್ಯೆಯಲ್ಲಿ ಜಾಸ್ತಿ ಇರುವ ಕಾಡಿನಲ್ಲಿ ಇದು ಸಣ್ಣ ತಪ್ಪಲ್ಲ.

ಪ್ರಕಟಣೆಗೆ ಬರೋಣ. ಮುದುಮಲೈ ಪ್ಲಾಟಿನ ಮೊದಲ ದೊಡ್ಡ ವರದಿ 1992ರಲ್ಲಿ ಬಂದಿದ್ದು ಮತ್ತೆ ‘ಕರೆಂಟ್ ಸೈನ್ಸ್’ನಲ್ಲಿ. ನೆಲ ಗುರುತು ಮಾಡಿ ನಾಲ್ಕು ವರ್ಷದ ಮೇಲೆ. ಈಗ ಇಂಪ್ಯಾಕ್ಟ್ ಫ್ಯಾಕ್ಟರ್ ಹೇಗೆ ಕಟ್ಟುತ್ತಾರೆ ನೋಡಿ: ಒಂದು ಜರ್ನಲ್ ಹಿಂದಿನ ಎರಡು ವರ್ಷ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಬಿದ್ದ ಸೈಟೇಶನ್ನುಗಳನ್ನು ಆ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸುವುದು. ಎರಡೇ ವರ್ಷದ ಕಿಟಕಿ. ಮುದುಮಲೈನಲ್ಲಿ ಒಂದು ಮರುಅಳತೆ ಮುಗಿದು ಇನ್ನೊಂದು ಬರುವುದಕ್ಕೆ ನಾಲ್ಕು ವರ್ಷ ಬೇಕು. ಮೊದಲ ಗಣತಿಯ ಪ್ರಬಂಧವನ್ನು ಆಧರಿಸಿ ಯಾರಾದರೂ ಬೆಳವಣಿಗೆಯ ಬಗ್ಗೆ ಹೊಸ ಮಾತು ಹೇಳುವಷ್ಟರಲ್ಲಿ ಆ ಕಿಟಕಿ ಯಾವಾಗಲೋ ಮುಚ್ಚಿರುತ್ತದೆ. ಜರ್ನಲ್‌ಗೆ ಕಟ್ಟಿದ ಈ ಸಂಖ್ಯೆಯನ್ನು ತೆಗೆದು ಮನುಷ್ಯನ ಬೆನ್ನಿಗೆ ಅಂಟಿಸುವುದು ಬೇರೆಯೇ ಅನ್ಯಾಯ.

ಆ ಪ್ಲಾಟಿನ ಅಂಕಿಗಳು ‘ಸೈನ್ಸ್’ ಪತ್ರಿಕೆಗೆ ಬಂದಿದ್ದು 2000ದಲ್ಲಿ, ಅಂದರೆ ಶುರುವಾಗಿ 12 ವರ್ಷದ ಮೇಲೆ. ಆರು ಕಡೆಯ ದೊಡ್ಡ ಪ್ಲಾಟುಗಳ 1,768 ಜಾತಿ ಮರಗಳನ್ನು ಹೋಲಿಸಿದ ಪ್ರಬಂಧ ಅದು. ಒಂದೇ ಜಾತಿಯ ಮರಗಳು ಕಾಡಿನಲ್ಲಿ ಚೆಲ್ಲಾಪಿಲ್ಲಿಯಾಗಿ ಹರಡಿರುವುದಿಲ್ಲ, ಗುಂಪುಗುಂಪಾಗಿ ಇರುತ್ತವೆ. ಅಪರೂಪದ ಜಾತಿಗಳಲ್ಲಿ ಗುಂಪು ಇನ್ನೂ ಬಿಗಿ. ಒಣಕಾಡಾಗಲಿ ಮಳೆಕಾಡಾಗಲಿ ಇದು ಒಂದೇ ಥರ. ‘ಒಣಕಾಡಾಗಲಿ’ ಎಂಬ ಆ ಒಂದು ಮಾತು ಹೇಳುವುದಕ್ಕೆ ಮುದುಮಲೈ ಬೇಕೇ ಬೇಕಿತ್ತು. 2006ರಲ್ಲಿ ಮತ್ತೆ ‘ಸೈನ್ಸ್’ನಲ್ಲಿ, ಏಳು ಪ್ಲಾಟುಗಳ ಅಂಕಿ ಇಟ್ಟುಕೊಂಡು, ಅಪರೂಪದ ಜಾತಿಯ ಗಿಡಗಳು ಹೆಚ್ಚು ಬದುಕುಳಿಯುವುದರಿಂದ ಕಾಡಿನ ವೈವಿಧ್ಯ ಉಳಿಯುತ್ತದೆ ಎಂಬ ಪ್ರಬಂಧ. 2000ದ ಪ್ರಬಂಧದಲ್ಲಿ ಮೊದಲ ಹೆಸರು ರಿಚರ್ಡ್ ಕಾಂಡಿಟ್ ಅವರದು. ಉಳಿದವು ಹೆಚ್ಚುಕಡಿಮೆ ಅಕ್ಷರಮಾಲೆಯ ಪ್ರಕಾರ. ಸುಕುಮಾರ್ ಹೆಸರು ಕೊನೆಯ ಹತ್ತಿರ ಬಂದಿದ್ದು ‘ಎಸ್’ ಅಕ್ಷರದ ಕೃಪೆ. ‘ಮೊದಲ ಲೇಖಕರೇ? ಇಲ್ಲವಾ? ಹಾಗಾದರೆ ಅರ್ಧ ಅಂಕ’ ಎನ್ನುವ ನಮ್ಮ ಅಂಕಪಟ್ಟಿಗಳಿಗೆ 12 ವರ್ಷದ ಗಣತಿ ಕಾಣುವುದೇ ಇಲ್ಲ.

ಇದರ ತಿರುಗುಮುರುಗೂ ನಿಜ, ಅದನ್ನೂ ಹೇಳಬೇಕು. ಈಗ ನೂರಾರು ಲೇಖಕರಿರುವ ಜಾಗತಿಕ ಪ್ರಬಂಧಗಳ ಕಾಲ. ಒಂದೆರಡು ಹೆಕ್ಟೇರಿನ ಅಂಕಿ ಕೊಟ್ಟು, ಹಸ್ತಪ್ರತಿಯನ್ನು ಒಮ್ಮೆ ಓದಿ ‘ಓಕೆ’ ಎಂದು ಮೇಲ್ ಹಾಕಿದವರಿಗೂ ಸಾವಿರಗಟ್ಟಲೆ ಸೈಟೇಶನ್ ಜಮೆಯಾಗುತ್ತದೆ. ಎಚ್-ಇಂಡೆಕ್ಸ್ ಅಂದರೆ ಇಷ್ಟೇ: ಕನಿಷ್ಠ 40 ಸಲ ಉಲ್ಲೇಖವಾದ ಪ್ರಬಂಧಗಳು 40 ಇದ್ದರೆ ಇಂಡೆಕ್ಸ್ 40. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಕೊಟ್ಟ ಲೆಕ್ಕ. ಲೇಖಕರು ಮೂವರೋ ಮುನ್ನೂರೋ ಅದು ಕೇಳುವುದಿಲ್ಲ. 4,000 ಸಲ ಉಲ್ಲೇಖವಾದ ಪ್ರಬಂಧವೂ ಅಲ್ಲಿ ಒಂದೇ, 41 ಸಲದ್ದೂ ಒಂದೇ. ಸೈಟೇಶನ್ ದಾಖಲಿಸುವ ವೆಬ್ ಆಫ್ ಸೈನ್ಸ್, ಸ್ಕೋಪಸ್‌ಗಳ ಲೆಕ್ಕ ಮುಖ್ಯವಾಗಿ ಜರ್ನಲ್‌ಗಳದು; ಗೂಗಲ್ ಸ್ಕಾಲರ್ ಪುಸ್ತಕ, ಥೀಸಿಸ್, ವರದಿ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಹಾಗಾಗಿ ಒಬ್ಬರಿಗೇ ಮೂರು ಕಡೆ ಮೂರು ಇಂಡೆಕ್ಸ್. ಎಲ್ಲಿಂದ ತೆಗೆದದ್ದು ಎಂದು ಬರೆಯದ ಇಂಡೆಕ್ಸಿಗೆ ಅರ್ಥವಿಲ್ಲ.

ನಮ್ಮ ಕಡೆಯ ಹೆಸರುಗಳ ತಾಪತ್ರಯ ಬೇರೆ. ‘ಆರ್. ಸುಕುಮಾರ್’ ಎಂದು ಹುಡುಕಿದರೆ ಬೇರೆ ಬೇರೆ ವಿಭಾಗಗಳ ಸುಕುಮಾರರೆಲ್ಲ ಸಾಲಾಗಿ ಬರುತ್ತಾರೆ. ಊರು, ಅಪ್ಪನ ಹೆಸರು ಎರಡನ್ನೂ ಇನಿಶಿಯಲ್ ಮಾಡಿಕೊಳ್ಳುವ ನಮ್ಮವರ ಪ್ರಬಂಧಗಳು ಒಂದು ಕಡೆ ಒಂದೇ ಅಕ್ಷರದಲ್ಲಿ, ಇನ್ನೊಂದು ಕಡೆ ಎರಡರಲ್ಲಿ, ಮತ್ತೊಂದು ಕಡೆ ಇನಿಶಿಯಲ್ ಬಿಡಿಸಿ ಬರೆದ ರೂಪದಲ್ಲಿ ದಾಖಲಾಗಿ ಮೂರು ಜನರ ಕೆಲಸದಂತೆ ಕಾಣುತ್ತವೆ. ಸಂಶೋಧನೆ ಶುರು ಮಾಡುವವರು ಮೊದಲ ಪ್ರಬಂಧಕ್ಕೆ ಮುಂಚೆಯೇ ಓರ್ಸಿಡ್ ನಂಬರು (ಸಂಶೋಧಕರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕೊಡುವ ಗುರುತಿನ ಸಂಖ್ಯೆ) ಮಾಡಿಸಿಕೊಂಡು, ಹೆಸರಿನ ಒಂದೇ ರೂಪ ಆರಿಸಿಕೊಂಡು ಕೊನೆಯತನಕ ಅದನ್ನೇ ಬಳಸಿ. ಸ್ಕಾಲರ್ ಪುಟದಲ್ಲಿ ತಾನಾಗಿಯೇ ಸೇರಿಕೊಳ್ಳುವ ಪರರ ಪ್ರಬಂಧಗಳನ್ನು ಆಗಾಗ ಕಿತ್ತುಹಾಕಿ. ಹಾಗೇ ಬಿಟ್ಟುಕೊಂಡು ಕೂತವರ ಬಗ್ಗೆ ನನಗೆ ಗೌರವ ಕಡಿಮೆ.

ಪ್ಲಾಟಿನಿಂದ ಹೊರಟ ಎರಡು ವಿಷಯ ಮಾತ್ರ ಹೇಳುತ್ತೇನೆ. ಒಂದು, ಬೆಂಡೆ ಮರ. ಮೊದಲ ಗಣತಿಯಲ್ಲಿ ಧಾರಾಳವಾಗಿದ್ದ ಈ ಜಾತಿ ಮುಂದಿನ ವರ್ಷಗಳಲ್ಲಿ ದಡದಡನೆ ಕುಸಿಯಿತು. ಆನೆಗೆ ಇದರ ಮೇಲೆ ವಿಪರೀತ ಆಸೆ. ಕೊಂಬೆ ಮುರಿದು, ತೊಗಟೆ ಸುಲಿದು ತಿನ್ನುತ್ತದೆ. ಮರಕ್ಕೆ ನಂಬರು ಇದ್ದದ್ದರಿಂದ, ಪ್ರತಿ ವರ್ಷ ಹೋಗಿ ನೋಡಿದ್ದರಿಂದ, ಯಾವ ಮರ ಆನೆಯಿಂದ ಸತ್ತಿತು, ಯಾವುದು ಬೆಂಕಿಯಿಂದ ಎಂದು ಬೇರ್ಪಡಿಸಿ ಹೇಳಲು ಬಂತು. ಐದು ವರ್ಷಕ್ಕೊಮ್ಮೆ ಹೋಗಿದ್ದರೆ ಸಿಗುತ್ತಿದ್ದದ್ದು ಖಾಲಿ ಜಾಗ ಮಾತ್ರ. ಎರಡು, ಬೆಂಕಿ. 2004ರಲ್ಲಿ ‘ಕನ್ಸರ್ವೇಶನ್ ಬಯಾಲಜಿ’ಯಲ್ಲಿ ಕೋದಂಡಪಾಣಿ, ಕಾಕ್ರೇನ್ ಮತ್ತು ಸುಕುಮಾರ್, ಬ್ರಿಟಿಷರ ಕಾಲದ ದಾಖಲೆಗಳನ್ನು ಇಂದಿನ ನಕ್ಷೆಗಳ ಪಕ್ಕ ಇಟ್ಟು, ಮುದುಮಲೈನಲ್ಲಿ ಸುಮಾರು 80 ವರ್ಷದಲ್ಲಿ ಬೆಂಕಿ ಬೀಳುವುದು ಮೂರು ಪಟ್ಟು ಹೆಚ್ಚಿದೆ ಎಂದು ತೋರಿಸಿದರು. ಪ್ರತಿ ಬೇಸಿಗೆ ಬಂಡೀಪುರ ಹೊತ್ತಿದಾಗ ಟೀವಿಯಲ್ಲಿ ಕೂಗಾಡುವವರು ಒಮ್ಮೆ ಇದನ್ನು ಓದಬಾರದೇ.

ಸೈಟೇಶನ್ನಿಗೆ ಸಿಗದ ಪ್ರಭಾವವೂ ಇದೆ. 1988ರಲ್ಲಿ ಸುಕುಮಾರ್ ಮತ್ತು ಗಾಡ್ಗೀಳ್ ‘ಅನಿಮಲ್ ಬಿಹೇವಿಯರ್’ನಲ್ಲಿ ಮೂರೇ ಪುಟ ಬರೆದರು: ಹೊಲಕ್ಕೆ ನುಗ್ಗುವುದರಲ್ಲಿ ಗಂಡಾನೆಗಳೇ ಮುಂದು, ಯಾಕೆಂದರೆ ರಾಗಿಯಂಥ ಪುಷ್ಟಿಯ ಮೇವು ಸಿಕ್ಕಿದರೆ ಮೈ ಕಟ್ಟಿ, ಹೆಣ್ಣಿಗಾಗಿ ನಡೆಯುವ ಪೈಪೋಟಿಯಲ್ಲಿ ಲಾಭ, ಅದಕ್ಕಾಗಿ ಜೀವದ ಅಪಾಯ ಎದುರಿಸುತ್ತವೆ. 24 ವರ್ಷದ ಮೇಲೆ, 2012ರಲ್ಲಿ, ಕರ್ನಾಟಕ ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆಗೆ ಸುಕುಮಾರ್ ಅಧ್ಯಕ್ಷರು. ಆನೆ ಇರಲೇಬೇಕಾದ ವಲಯ, ಆನೆ-ಮನುಷ್ಯ ಹೊಂದಿಕೊಂಡು ಇರಬೇಕಾದ ವಲಯ, ಆನೆಯನ್ನು ತೆಗೆಯಬೇಕಾದ ವಲಯ ಎಂದು ರಾಜ್ಯವನ್ನು ಮೂರಾಗಿ ನೋಡಬೇಕೆಂದಿತು ಅದರ ವರದಿ. ಹಾಸನ ಜಿಲ್ಲೆಯ ಆಲೂರಿನ ರೈತರಿಗೆ, ಅರಣ್ಯ ಇಲಾಖೆಗೆ ಇದಕ್ಕಿಂತ ದೊಡ್ಡ ಪರಿಣಾಮದ ಬರಹ ಸಿಗಲಿಕ್ಕಿಲ್ಲ. ಎಚ್-ಇಂಡೆಕ್ಸಿಗೆ ಅದರ ಕೊಡುಗೆ ಹೆಚ್ಚುಕಡಿಮೆ ಸೊನ್ನೆ. ಗಾಡ್ಗೀಳರ ತಂಡದ ಬಿದಿರಿನ ಕೆಲಸವೂ ಹೀಗೇ. ಬಿದಿರು ಮೆಳೆಯ ಬುಡದ ಮುಳ್ಳು ಸವರಿದರೆ ಕಳಲೆ ಚೆನ್ನಾಗಿ ಬರುತ್ತದೆ ಎಂದು ಇಲಾಖೆ ನಂಬಿತ್ತು. ಮುಳ್ಳು ಇದ್ದರೇನೇ ಕಳಲೆ ದನಕರುಗಳ ಬಾಯಿಂದ ಉಳಿಯುವುದು ಅಂತ ಉತ್ತರ ಕನ್ನಡದ ಹಳ್ಳಿಯವರು ಹೇಳುತ್ತಿದ್ದರು. ಅಳೆದು ನೋಡಿದಾಗ ಹಳ್ಳಿಯವರ ಮಾತೇ ಸರಿ. ಇದೆಲ್ಲ ವಿವರವಾಗಿ ಇದ್ದದ್ದು ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ.

ಹಾಗಾದರೆ ಕಾಡಿನ ವಿಜ್ಞಾನಿಯ ಪಟ್ಟಿ ಓದುವುದು ಹೇಗೆ? ಮೊದಲು ಆ ಮನುಷ್ಯನ ಅಂಕಿ ಎಲ್ಲಿಂದ ಬರುತ್ತದೆ ನೋಡಿ. ಒಂದೇ ಜಾಗದ ಮೇಲೆ ಹತ್ತು ವರ್ಷಕ್ಕೂ ಮೀರಿ ಪ್ರಬಂಧಗಳಿವೆಯಾ, ಮರುಗಣತಿ ನಡೆದಿದೆಯಾ, ಅಥವಾ ಒಂದು ಸಲ ಅಳೆದದ್ದನ್ನೇ ಐದು ಹೋಳು ಮಾಡಿ ಐದು ಜರ್ನಲ್‌ಗೆ ಹಂಚಿದ್ದಾರಾ? ವಿಧಾನದ ಭಾಗ ತೆರೆದು ಅಳತೆಯ ಎತ್ತರ, ಕನಿಷ್ಠ ದಪ್ಪ, ಕವಲೊಡೆದ ಕಾಂಡದ ನಿಯಮ, ಗಣತಿಯ ತಿಂಗಳು ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಅಂಕಿ ನಂಬಬೇಡಿ. ಅಂಕಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಾರಾ ಕೇಳಿ. ಉಪ್ಪಂಗಳದವರು ತಮ್ಮ ಪ್ಲಾಟಿನ ಮರಮರದ ದಾಖಲೆಯನ್ನು 2011ರಲ್ಲಿ ‘ಇಕಾಲಜಿ’ ಪತ್ರಿಕೆಯ ಡೇಟಾ ಪೇಪರ್ (ಅಂಕಿಯನ್ನೇ ಪ್ರಕಟಿಸುವ ಪ್ರಬಂಧ) ಆಗಿ ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟರು. ಅದರ ಹಿಂದಿನ ವರ್ಷವೇ ನಡು ಪಶ್ಚಿಮಘಟ್ಟದ 96 ಕಡೆಯ ಅಂಕಿ ಹಾಗೇ ಬಂದಿತ್ತು. ಇಂಥದ್ದಕ್ಕೆ ನಮ್ಮ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ಅಂಕಿ ಬಿಟ್ಟುಕೊಡಲು ಹಿಂಜರಿಯುವವರನ್ನೂ ಬೈಯಲಾರೆ. ಬಿಸಿಲಲ್ಲಿ ಒಣಗಿದವರು ಒಬ್ಬರು, ಏಸಿಯಲ್ಲಿ ಕೂತು ಡೌನ್‌ಲೋಡ್ ಮಾಡಿ ಮೊದಲ ಲೇಖಕರಾದವರು ಇನ್ನೊಬ್ಬರು, ಇದು ನಡೆಯುತ್ತಲೇ ಇದೆ. ಬಳಸುವವರು ಶುರುವಿನಲ್ಲೇ ಬರೆದು ಕೇಳಿ, ಪ್ಲಾಟಿನವರನ್ನು ವಿಶ್ಲೇಷಣೆಗೂ ಸೇರಿಸಿಕೊಂಡರೆ ಅರ್ಧ ಜಗಳ ಇರುವುದಿಲ್ಲ.

ಕೊನೆಗೆ ಸಹಲೇಖಕರ ಹೆಸರುಗಳು. ಮುದುಮಲೈ ಪ್ರಬಂಧಗಳಲ್ಲಿ ಎಚ್.ಎಸ್. ದತ್ತರಾಜ, ಎಚ್.ಎಸ್. ಸುರೇಶ್, ಎನ್.ವಿ. ಜೋಶಿ ಮತ್ತೆ ಮತ್ತೆ ಬರುತ್ತಾರೆ. ದಶಕಗಟ್ಟಲೆ ಅದೇ ಹೆಸರುಗಳು ಮರಳಿ ಬಂದರೆ ಆ ಪ್ಲಾಟಿನಲ್ಲಿ ಗಿಡ ಗುರುತಿಸುವ ಕಣ್ಣು, ಅಳತೆಯ ನಿಯಮ ಬದಲಾಗಿಲ್ಲ ಎಂದು ಅರ್ಥ. ಮೂರು ವರ್ಷಕ್ಕೊಮ್ಮೆ ಪ್ರಾಜೆಕ್ಟ್ ಅಸಿಸ್ಟೆಂಟ್ ಬದಲಾಗುವ ಕಡೆ ಎಳೆ ಗಿಡದ ಜಾತಿ ಒಂದು ಗಣತಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಮತ್ತಿ ಸತ್ತು ದಿಂಡಿಗ ಹುಟ್ಟಿದ ಹಾಗೆ ಕಡತದಲ್ಲಿ ಕಾಣುತ್ತದೆ. ಅನುದಾನ ಕೊಡುವವರು ಮೂರು ವರ್ಷದ ಪ್ರಾಜೆಕ್ಟ್ ಬದಲು ಹತ್ತು ವರ್ಷಕ್ಕೆ ಇಬ್ಬರು ಫೀಲ್ಡ್ ಸಿಬ್ಬಂದಿಯ ಸಂಬಳ ಕೊಟ್ಟರೆ, ಅರ್ಜಿಯಲ್ಲಿ ಎಚ್-ಇಂಡೆಕ್ಸ್ ಕಾಲಂ ಪಕ್ಕ ‘ಎಷ್ಟು ಮರುಗಣತಿ ಮುಗಿಸಿದ್ದೀರಿ, ಅಂಕಿ ಎಲ್ಲಿಟ್ಟಿದ್ದೀರಿ’ ಎಂದು ಇನ್ನೊಂದು ಕಾಲಂ ಹಾಕಿದರೆ ಸಾಕು. ಹೊಸ ಸಮಿತಿ, ಹೊಸ ನೀತಿ ಏನೂ ಬೇಡ.